ಬಳೆಗುಂಡಿ ಚಾವಡಿ

ಕರಿಗಲ್ಲೂರಿಗೆ ಮೊದಲ ಸಲ ಬಂದವರು ಬಸ್ ನಿಲ್ದಾಣದಲ್ಲಿ ಇಳಿದು ಸಂತೆಪೇಟೆ ದಾಟಿದೊಡನೆ ಎದುರಿಗೆ ಎರಡು ದಿಬ್ಬಗಳನ್ನು ಕಾಣುತ್ತಾರೆ. ಮೂಡಣ ದಿಬ್ಬದ ಮೇಲೆ ಮಗ್ಗದಕೇರಿ, ಪಡುವಣ ದಿಬ್ಬದ ಮೇಲೆ ಗಾಣದಕೇರಿ. ನಡುವಿನ ತಗ್ಗಿನಲ್ಲಿ ಹಿಂದೆ ಹಳ್ಳ ಹರಿಯುತ್ತಿತ್ತು. ಈಗ ಅಲ್ಲಿ ಕರಿಕಲ್ಲಿನ ಕಂಬಗಳ ಮೇಲೆ ನಿಂತ ಒಂದು ಹಳೆಯ ಚಾವಡಿ ಇದೆ. ಅದಕ್ಕೆ ಬಳೆಗುಂಡಿ ಚಾವಡಿ ಎಂದು ಹೆಸರು. ಎರಡೂ ಕೇರಿಯವರ ನಿಶ್ಚಿತಾರ್ಥ, ನ್ಯಾಯಪಂಚಾಯಿತಿ, ಮಕ್ಕಳಿಗೆ ಪೋಲಿಯೊ ಹನಿ ಹಾಕುವುದು, ಹೆಂಗಸರ ಸಂಘದ ಸಭೆ ಎಲ್ಲವೂ ಅಲ್ಲಿಯೇ. ಕಟ್ಟಡ ಹಳೆಯದಾಯಿತೆಂದು ಈಚೆಗೆ ಪುರಸಭೆಯವರು ಎರಡೂ ಕೇರಿಗೆ ಸೇರಿ ಹೊಸ ಸಮುದಾಯ ಭವನ ಕಟ್ಟಿಸಲು ಜಾಗ ನೋಡತೊಡಗಿದ್ದಾರೆ. ಜಾಗ ನಮ್ಮ ಕಡೆಗೇ ಆಗಬೇಕೆಂದು ಎರಡೂ ಕಡೆಯವರು ಹಟ ಹಿಡಿದು, ಕರೆದ ಸಭೆಗಳೆಲ್ಲ ಕೂಗಾಟದಲ್ಲಿ ಮುಗಿದವು. ಅಳತೆಗೆ ಬಂದಿದ್ದ ಎಂಜಿನಿಯರರು ನನ್ನನ್ನು ಕೇಳಿದರು: "ಎರಡೂ ಕಡೆ ಇಷ್ಟು ಎತ್ತರದ ಜಾಗ ಬಿಟ್ಟು ನೀರು ನಿಲ್ಲುವ ತಗ್ಗಿನಲ್ಲಿ ಇದನ್ನ ಕಟ್ಟಿಸಿದೋರು ಯಾರು, ಅಜ್ಜಾರ?" ಬಳೆಗಾರರು ಇಲ್ಲಿ ಬಿಡಾರ ಹೂಡುತ್ತಿದ್ದರು, ಅದಕ್ಕೇ ಈ ಹೆಸರು ಎಂದು ಈಗಿನವರು ಹೇಳುವುದುಂಟು. ಅದು ನಿಜವಲ್ಲ. ನಮ್ಮ ಹಿರಿಯರ ಬಾಯಿಂದ ನಾನು ಕೇಳಿದ್ದನ್ನು ಕೇಳಿದಂತೆಯೇ ಇಲ್ಲಿ ಬರೆದಿಡುತ್ತೇನೆ.

ಹಿಂದೆ, ಪಾಳೆಯಗಾರರು ಈ ಸೀಮೆಯನ್ನು ಆಳುತ್ತಿದ್ದ ಕಾಲದಲ್ಲಿ, ಎರಡು ಕೇರಿಗೂ ಬೇರೆಬೇರೆ ಮಣ್ಣಿನ ಗೋಡೆ, ಬೇರೆಬೇರೆ ಅಗಸಿಬಾಗಿಲು ಇದ್ದವಂತೆ. ಊರಿಗೆಲ್ಲ ಒಂದೇ ಚಾವಡಿ. ಅದು ಸಂತೆಪೇಟೆಯ ಬಳಿ ಇತ್ತು. ಒಂದು ಬೇಸಿಗೆಯಲ್ಲಿ ಲೂಟಿಯ ಕುದುರೆ ದಂಡು ಉತ್ತರ ದಿಕ್ಕಿನಿಂದ ಬಂದು ಮೊದಲು ಆ ಚಾವಡಿಗೆ ಬೆಂಕಿ ಇಟ್ಟಿತು. ಆಮೇಲೆ ಗಾಣದಕೇರಿಯ ಗೋಡೆಯನ್ನು ಕೆಡವಿ ಒಳನುಗ್ಗಿತು. ಅಲ್ಲಿಯ ಜನ ಕೈಗೆ ಸಿಕ್ಕಿದ ಮಕ್ಕಳನ್ನು ಎತ್ತಿಕೊಂಡು ಹಳ್ಳ ದಾಟಿ ಮಗ್ಗದಕೇರಿಯ ಅಗಸಿಗೆ ಓಡಿದರು. ಅಗಸಿ ಮುಚ್ಚಿತ್ತು. ಒಳಗಿದ್ದವನು ನೇಕಾರರ ಯಜಮಾನ ಚೌಡಪ್ಪ. ಬಾಗಿಲು ತೆರೆದರೆ ಓಡಿ ಬಂದವರ ಬೆನ್ನಿಗೇ ಕುದುರೆಗಳೂ ಒಳಬರುತ್ತವೆಂದು ಅವನು ಅಗುಳಿ ತೆಗೆಯಗೊಡಲಿಲ್ಲ. ಗಾಣದಕೇರಿಯ ಯಜಮಾನ ಸಿದ್ರಾಮ ಬಾಗಿಲನ್ನು ಎರಡೂ ಕೈಯಿಂದ ಬಡಿಯುತ್ತ ಚೌಡಪ್ಪನ ಹೆಸರು ಹಿಡಿದು ಕೂಗಿದನು. ಅವನನ್ನು ಆ ಬಾಗಿಲಿಗೇ ಈಟಿಯಿಂದ ಚುಚ್ಚಿ ನಿಲ್ಲಿಸಿ ಕೊಂದರು. ಜೊತೆಗಿದ್ದ ಮುದುಕರೂ ಹೆಂಗಸರೂ ಕುದುರೆಗಳ ಕಾಲಡಿಗೆ ಸಿಕ್ಕರು. ಸಿದ್ರಾಮನ ಹೆಂಡತಿ ಸಂಕವ್ವ ಹಳ್ಳದ ಲಕ್ಕಿಗಿಡಗಳ ಸಂದಿನಲ್ಲಿ ಬಿದ್ದುಕೊಂಡು ಇದನ್ನೆಲ್ಲ ಕಣ್ಣಾರೆ ನೋಡಿದಳು. ಮಗ್ಗದಕೇರಿ ಉಳಿಯಿತು. ದಂಡು ಹೋದ ಮೇಲೆ ಚೌಡಪ್ಪ ಅಗಸಿ ತೆರೆಸಿ, ಬಾಗಿಲಿಗೆ ಅಂಟಿದ್ದ ರಕ್ತವನ್ನು ತಾನೇ ನೀರು ಹಾಕಿ ತೊಳೆದನಂತೆ. ಅವನು ಅಂದಿನಿಂದ ಯಾರೊಡನೆಯೂ ಆ ದಿನದ ಮಾತೆತ್ತಲಿಲ್ಲ, ಯಾರೂ ಎತ್ತದಂತೆ ನೋಡಿಕೊಂಡ.

ಮಳೆಗಾಲ ಕಳೆದ ಮೇಲೆ ದುರ್ಗದ ನಾಯಕನಿಂದ ಅಪ್ಪಣೆ ಬಂತು. ಎರಡು ಕೇರಿಯೂ ಸೇರಿ ಗಟ್ಟಿಯಾದ ಒಂದು ಕಲ್ಲಿನ ಚಾವಡಿ ಕಟ್ಟಬೇಕು. ಆಯುಧಗಳನ್ನೂ ನಗಾರಿಯನ್ನೂ ಅಲ್ಲಿಡಬೇಕು. ಅಪಾಯ ಬಂದಾಗ ಎಲ್ಲರೂ ಅಲ್ಲಿಗೇ ಕೂಡಬೇಕು. ಕಲ್ಲು ನಾನು ಕೊಡುತ್ತೇನೆ, ಜಾಗ ನೀವು ಗೊತ್ತುಮಾಡಿರಿ. ಯುಗಾದಿಯೊಳಗೆ ಗೊತ್ತಾಗದಿದ್ದರೆ ನನ್ನ ದಂಡಿನ ಠಾಣ್ಯ ನಿಮ್ಮ ಮನೆಗಳಲ್ಲೇ ಬಂದು ಕೂಡುತ್ತದೆ ಎಂದು ಹೇಳಿಕಳಿಸಿದ್ದ. ಎರಡು ಕೇರಿಯ ಹಿರಿಯರು ಹಳ್ಳದ ಮರಳಿನ ಮೇಲೆ ಎದುರುಬದುರಾಗಿ ಕುಳಿತರು. ಗಾಣದಕೇರಿಯ ಪರವಾಗಿ ಬಂದವನು ಸತ್ತ ಸಿದ್ರಾಮನ ತಮ್ಮ ಭರಮಣ್ಣ. ಆನೆಯಂಥ ಮೈಕಟ್ಟಿನವನು, ಎತ್ತು ಕುಸಿದು ಬಿದ್ದರೆ ತಾನೇ ನೊಗಕ್ಕೆ ಹೆಗಲು ಕೊಟ್ಟು ಗಾಣ ತಿರುಗಿಸುತ್ತಿದ್ದ ಎನ್ನುತ್ತಾರೆ. ಚೌಡಪ್ಪ ನಿಧಾನವಾಗಿ ಹೇಳಿದ: ಮಗ್ಗದಕೇರಿಯ ದಿಬ್ಬ ಎತ್ತರವಾಗಿದೆ, ಕುದುರೆಗಳ ಧೂಳು ಎದ್ದದ್ದು ಅಲ್ಲಿಂದ ಮೊದಲೇ ಕಾಣುತ್ತದೆ, ಚಾವಡಿ ಅಲ್ಲೇ ಆಗಲಿ. ಭರಮಣ್ಣ, ಎಂದೂ ಬತ್ತದ ಬಾವಿ ನಮ್ಮ ಕಡೆ ಇದೆ, ಮುತ್ತಿಗೆ ಬಿದ್ದರೆ ಜನಕ್ಕೆ ಮೊದಲು ಬೇಕಾದದ್ದು ನೀರು ಎಂದ. ಇಬ್ಬರ ಮಾತೂ ಸರಿಯೇ ಇತ್ತು. ಆದರೆ ಚೌಡಪ್ಪ ಮತ್ತೆ ಮತ್ತೆ ದಿಬ್ಬದ ಮಾತನ್ನೇ ಆಡಿದಾಗ ಭರಮಣ್ಣ ಎದ್ದು ನಿಂತ.

"ನಿಮ್ಮ ದಿಬ್ಬಕ್ಕ ನಾವು ಒಮ್ಮೆ ಓಡಿ ಬಂದಿದ್ದೆವಲ್ಲ, ಯಜಮಾನಾ," ಎಂದ. "ನಮ್ಮಣ್ಣ ನಿನ್ನ ಹೆಸರು ಹಿಡಿದು ಕೂಗಿದ. ನಿನಗ ಕೇಳಿಸಿತ್ತೋ ಇಲ್ಲೋ, ಅದನ್ನ ಮೊದಲು ಹೇಳು."

ಚೌಡಪ್ಪ "ಕೇಳಿಸಿತ್ತು," ಎಂದ. "ಒಳಗ ನನ್ನ ಕೇರಿಯ ಮಕ್ಕಳಿದ್ದರು."

ಅಷ್ಟು ಹೇಳಿ ಅವನು ತಲೆ ತಗ್ಗಿಸಿ ತಪ್ಪಾಯಿತು ಎಂದಿದ್ದರೆ ಈ ಊರಿನ ಕತೆಯೇ ಬೇರೆಯಾಗುತ್ತಿತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವನು ಹೇಳಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೊಡವಿ ಎದ್ದು ಹೋದ. ಮರುದಿನ ನಸುಕಿನಲ್ಲೇ ನೇಕಾರರು ತಮ್ಮ ದಿಬ್ಬದ ಮೇಲೆ ಗೂಟ ಬಡಿದು, ನೂಲಿನ ಹುರಿ ಎಳೆದು, ಪಾಯ ತೋಡತೊಡಗಿದರು. ಮುಂದೆ ನಿಂತು ತೋಡಿಸುತ್ತಿದ್ದವನು ಚೌಡಪ್ಪನ ಒಬ್ಬನೇ ಮಗ ಮಲ್ಲಪ್ಪ. ಸುದ್ದಿ ತಿಳಿದ ಗಾಣದಕೇರಿಯವರು ಬಡಿಗೆಗಳನ್ನು ಹಿಡಿದು ದಿಬ್ಬ ಹತ್ತಿದರು. ಗೂಟಗಳನ್ನು ಕಿತ್ತರು, ಹುರಿಯನ್ನು ಹರಿದರು, ತೋಡಿದ ಮಣ್ಣನ್ನು ಕಾಲಿನಿಂದ ಒಳಕ್ಕೆ ನೂಕಿದರು. ಮಲ್ಲಪ್ಪ ಪಾಯದೊಳಗೆ ಇಳಿದು ನಿಂತು, ನನ್ನ ಮೇಲೆ ಮಣ್ಣು ಹಾಕಿರಿ ನೋಡೋಣ ಎಂದು ಸವಾಲು ಹಾಕಿದ. ಗುಂಪಿನಿಂದ ಬೀಸಿ ಬಂದ ಒಂದು ಪೆಟ್ಟು ಅವನ ತಲೆಯನ್ನು ಕಿವಿಯ ಮೇಲ್ಗಡೆಯಿಂದ ಒಡೆಯಿತು. ಅವನು ಕೂಗಲೂ ಇಲ್ಲ. ತಾನು ತೋಡಿದ ಕುಣಿಯಲ್ಲಿ ಮಂಡಿಯೂರಿ, ಹಾಗೆಯೇ ಮುಂದಕ್ಕೆ ಬಿದ್ದ. ಹೊಡೆದ ಕೈ ಯಾರದೆಂದು ಯಾರಿಗೂ ತಿಳಿಯಲಿಲ್ಲ. ಭರಮಣ್ಣನು ಅದು ತನ್ನದೇ ಎಂದು ಎಲ್ಲರೆದುರು ಒಪ್ಪಿಕೊಂಡ.

ಮಗನನ್ನು ಮಣ್ಣುಮಾಡಿ ಬಂದ ಚೌಡಪ್ಪ ಮನೆಯೊಳಕ್ಕೆ ಕಾಲಿಡಲಿಲ್ಲ. ಹೆಂಡತಿ ಬನವ್ವ ಹೊಸ್ತಿಲಲ್ಲಿ ಅಡ್ಡ ನಿಂತು, "ಇದ್ದೊಬ್ಬ ಮಗ ಹೋದ. ನೀವಾದರೂ ಉಳೀರಿ," ಎಂದು ಕೈ ಹಿಡಿದುಕೊಂಡಳು. ಅವನು ಆ ಕೈ ಬಿಡಿಸಿಕೊಂಡು, ಕೇರಿಯ ಗಂಡಸರನ್ನು ಕರೆದುಕೊಂಡು, ಅದೇ ಸಂಜೆ ಗಾಣದಕೇರಿಗೆ ನುಗ್ಗಿದ. ಎಳ್ಳು ತುಂಬಿದ್ದ ಕಣಜಗಳಿಗೆ ಬೆಂಕಿ ಇಟ್ಟರು, ಎಣ್ಣೆಯ ಬಾನಿಗಳನ್ನು ಒಡೆದರು. ಎಣ್ಣೆ ಓಣಿಯ ಇಳಿಜಾರಿನಲ್ಲಿ ಹರಿಯುತ್ತ, ಹರಿದಲ್ಲೆಲ್ಲ ಉರಿಯುತ್ತ ಹೋಯಿತು. ಕಟ್ಟಿದ್ದ ಎತ್ತುಗಳು ಕಣ್ಣಿ ಹರಿಯಲಾರದೆ ನಿಂತಲ್ಲೇ ಬೆಂದವು. ಅವುಗಳನ್ನು ಬಿಡಿಸಲು ಹೋದ ಭರಮಣ್ಣನ ಎಡಗಡೆಯ ಮುಖ, ತೋಳು ಸುಟ್ಟು ಹೋದವು. ಆ ಕಣ್ಣು ಮತ್ತೆ ತೆರೆಯಲಿಲ್ಲ. ಸುಟ್ಟ ತೋಳಿಗೆ ಬಟ್ಟೆ ಸುತ್ತಿಕೊಂಡು ಅವನು ಮಗ್ಗದಕೇರಿಗೆ ಹೇಳಿಕಳಿಸಿದ: ಇನ್ನು ಮನೆ ಸುಡುವುದು ಬೇಡ, ಬೆಳಗಾದರೆ ಗಂಡಸರೆಲ್ಲ ಹಳ್ಳಕ್ಕೆ ಬರಲಿ, ಕೊನೆಗೆ ಯಾರು ನಿಂತಿರುತ್ತಾರೋ ಅವರ ಕೇರಿಗೆ ಚಾವಡಿ. ಚೌಡಪ್ಪ ಆಗಲಿ ಎಂದ.

ಅಂದಿನ ಕಾಳಗವನ್ನು ನಮ್ಮವರು ಹೆಚ್ಚಾಗಿ ವರ್ಣಿಸುವುದಿಲ್ಲ. ದಂಡಿನವರು ಬಿಟ್ಟುಹೋಗಿದ್ದ ಕತ್ತಿ ಹಿಡಿದವರು ಕೆಲವರು. ಉಳಿದವರ ಕೈಯಲ್ಲಿ ಇದ್ದದ್ದು ಕೊಡಲಿ, ಕುಡುಗೋಲು, ಗಾಣದ ಮರದ ತುಂಡು, ಮಗ್ಗದಿಂದ ಕಿತ್ತ ಹಲಗೆ. ಒಬ್ಬರ ಮಕ್ಕಳ ಹೆಸರು ಇನ್ನೊಬ್ಬರಿಗೆ ಗೊತ್ತಿದ್ದವರು ಹೆಸರು ಕರೆದೇ ಹೊಡೆದಾಡಿದರು. ಮರಳು ಕಾಲಡಿಯಲ್ಲಿ ಮುದ್ದೆಯಾಗಿ ಜಾರುತ್ತಿತ್ತು. ಜಾರಿ ಬಿದ್ದವನು ಮತ್ತೆ ಏಳಲಿಲ್ಲ. ಕೈ ಕಡಿದುಹೋದವನೊಬ್ಬ ತನ್ನ ಕೈಯನ್ನೇ ಹುಡುಕುತ್ತ ಹೆಣಗಳ ನಡುವೆ ತೆವಳುತ್ತಿದ್ದನಂತೆ. ಹೊತ್ತು ನೆತ್ತಿಗೇರಿದಾಗ ಚೌಡಪ್ಪನೂ ಭರಮಣ್ಣನೂ ಎದುರಾದರು. ಚೌಡಪ್ಪನ ಕೊಡಲಿ ಭರಮಣ್ಣನ ತೊಡೆಗೆ ಕಚ್ಚಿಕೊಂಡಿತು. ಅದನ್ನು ಅವನು ಕಿತ್ತುಕೊಳ್ಳುವುದರೊಳಗೆ ಭರಮಣ್ಣ ಮೈಯೆಲ್ಲ ಭಾರ ಹಾಕಿ ಅವನನ್ನು ಕೆಡವಿ, ಕುತ್ತಿಗೆಯನ್ನು ಸುಡದೆ ಉಳಿದಿದ್ದ ಬಲಗೈಯಿಂದ ಅದುಮಿ ಹಿಡಿದ. ಚೌಡಪ್ಪನ ಕಾಲುಗಳು ಮರಳನ್ನು ಗೀರಿ ಗೀರಿ ನಿಂತವು. ಭರಮಣ್ಣ ಎದ್ದು, ತೊಡೆಯ ಗಾಯವನ್ನು ಒತ್ತಿ ಹಿಡಿದು, "ಚಾವಡಿ ನಮ್ಮದು!" ಎಂದು ಕೂಗಿದ. ಉತ್ತರವಾಗಿ ಯಾರೂ ಕೂಗಲಿಲ್ಲ. ತಿರುಗಿ ನೋಡಿದರೆ ಅವನ ಕಡೆಯಲ್ಲಿ ನಿಂತವರು ಒಬ್ಬರೂ ಇರಲಿಲ್ಲ. ಉಸಿರಿದ್ದವರು ನರಳುತ್ತಿದ್ದರು.

ಆಗ ಎರಡೂ ದಿಬ್ಬಗಳಿಂದ ಹೆಂಗಸರು ಇಳಿದು ಬಂದರು. ಮುಂದೆ ಬನವ್ವ. ಅವಳು ಗಂಡನ ಹೆಣದ ಬಳಿ ಕುಳಿತು ಅವನ ಬಾಯಿಗೆ ಮೆತ್ತಿದ್ದ ಮರಳನ್ನು ಸೆರಗಿನಿಂದ ಒರೆಸಿದಳು. ಆಮೇಲೆ ತಲೆಯೆತ್ತಿ ಭರಮಣ್ಣನನ್ನು ನೋಡಿದಳು.

"ಗೆದ್ದಿಯಲ್ಲೋ ಭರಮಾ," ಎಂದಳು. "ಎಲ್ಲಿ ಕಟ್ಟಿಸ್ತಿ? ತೋರಿಸು."

ಭರಮಣ್ಣ ತನ್ನ ಕೇರಿಯ ಬಾವಿಯ ಕಡೆಗೆ ಕೈ ಎತ್ತಿದ.

"ಕಲ್ಲು ಹೊರೋರು ಯಾರು?"

ಎತ್ತಿದ ಕೈ ಹಾಗೆಯೇ ಕೆಳಗಿಳಿಯಿತು. ಅವನು ಮರಳಿನ ಮೇಲೆ ಕುಸಿದು ಕುಳಿತು, "ನನ್ನನ್ನ ಕೊಂದುಬಿಡವ್ವ," ಎಂದು ಬೇಡಿದ. "ನಿನ್ನ ಮಗನ್ನ ಕೊಂದವ ನಾನು, ಗಂಡನ್ನ ಕೊಂದವನೂ ನಾನು."

ಬನವ್ವ ಬಿದ್ದಿದ್ದ ಕೊಡಲಿಯನ್ನು ಎತ್ತಿಕೊಂಡಳು. ಹೆಂಗಸರು ಯಾರೂ ತಡೆಯಲಿಲ್ಲ. ಅವಳ ಕೈ ಮೇಲೆದ್ದು ಬಹಳ ಹೊತ್ತು ಗಾಳಿಯಲ್ಲೇ ನಿಂತಿತ್ತು ಎನ್ನುತ್ತಾರೆ. ಅಷ್ಟರಲ್ಲಿ ಹಿಂದಿನಿಂದ ನೆಲ ಅಗೆಯುವ ಸದ್ದು ಕೇಳಿಸಿತು. ಸಂಕವ್ವ ಒಂದು ಗುದ್ದಲಿ ತಂದು, ಹೆಣಗಳ ನಡುವೆ ಬರಿದಾಗಿದ್ದ ತುಸು ಜಾಗದಲ್ಲಿ, ಹಳ್ಳದ ಸರಿಯಾದ ನಡುವಿನಲ್ಲಿ, ಕುಣಿ ತೋಡುತ್ತಿದ್ದಳು. ಯಾರಿಗೆ ಕುಣಿ ಎಂದು ಒಬ್ಬಳು ಕೇಳಿದಳು. "ಯಾರಿಗೂ ಅಲ್ಲ, ಚಾವಡಿಗೆ," ಎಂದಳು ಸಂಕವ್ವ. "ಎರಡೂ ಕೇರಿಯವರು ಕೂಡಿ ನಿಂತದ್ದು ಇದೊಂದೇ ಜಾಗದಾಗ." ಬನವ್ವ ಅವಳ ಕೈಗಳನ್ನು ನೋಡಿದಳು. ಗಂಡ ಅಗಸಿಯಲ್ಲಿ ಸತ್ತ ದಿನದಿಂದ ಆ ಕೈಗಳು ಬರಿದಾಗಿದ್ದವು. ಕೊಡಲಿಯನ್ನು ಕುಣಿಯ ಅಂಚಿಗೆ ತಂದು ಊರಿ ಅದರ ಕಬ್ಬಿಣಕ್ಕೆ ಬನವ್ವ ತನ್ನ ಎರಡೂ ಮುಂಗೈಗಳನ್ನು ಬಡಿದಳು. ಹಸಿರು ಬಳೆಗಳು ಒಡೆದು, ರಕ್ತದೊಡನೆ ಕುಣಿಗೆ ಬಿದ್ದವು. "ಅಕ್ಕಾ, ಬಾಗಿಲು ತೆಗೀರಿ ಅಂತ ನಾನೂ ಅವತ್ತು ಹೇಳಲಿಲ್ಲ," ಎಂದು ಅವಳು ಸಂಕವ್ವನಿಗೆ ಮಾತ್ರ ಕೇಳುವಂತೆ ಅಂದಳು. ಸಂಕವ್ವ ಗುದ್ದಲಿಯನ್ನು ಅವಳ ಕೈಗೆ ಕೊಟ್ಟಳು. ಆಮೇಲೆ ಮಗ್ಗದಕೇರಿಯ ಹೆಂಗಸರೂ ಗಾಣದಕೇರಿಯ ಹೆಂಗಸರೂ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಬಳೆಗಳನ್ನು ಅದೇ ಕುಣಿಗೆ ಒಡೆದು ಹಾಕಿದರು. ಸಂಜೆಯ ಹೊತ್ತಿಗೆ ಕುಣಿಯ ತಳ ಕಾಣಲಿಲ್ಲ. ಆ ಜಾಗಕ್ಕೆ ಬಳೆಗುಂಡಿ ಎಂಬ ಹೆಸರು ನಿಂತದ್ದು ಹೀಗೆ.

ಯುಗಾದಿಗೆ ನಾಯಕನ ಕಡೆಯವರು ಬಂದು ನೋಡಿ, ತಗ್ಗಿನಲ್ಲಿ ನೀರು ನಿಲ್ಲುತ್ತದೆ, ದಿಬ್ಬದ ಮೇಲೆ ಕಟ್ಟಿರಿ ಎಂದು ಬುದ್ಧಿ ಹೇಳಿದರಂತೆ. ಹೆಂಗಸರು ಒಪ್ಪಲಿಲ್ಲ. ಹಳ್ಳವನ್ನೇ ಮೇಲ್ಗಡೆಯಿಂದ ಬೇರೆ ಕಡೆಗೆ ತಿರುಗಿಸಿ, ಬಳೆಗಳ ಮೇಲೆಯೇ ಪಾಯದ ಕಲ್ಲು ಇಟ್ಟರು. ಗೋಡೆಗೆ ಬಾಗಿಲಿಡುವ ಹೊತ್ತಿಗೆ ಸಂಕವ್ವ ಬೇಡವೆಂದಳು. ಆಯುಧಕ್ಕೆ ಬೇಕಾದರೆ ಪೆಟ್ಟಿಗೆ ಮಾಡಿರಿ, ಜನ ಬರುವ ಕಡೆ ಬಾಗಿಲು ಬೇಡ ಎಂದಳು. ಬದುಕುಳಿದ ಭರಮಣ್ಣನನ್ನು ಯಾರೂ ಶಿಕ್ಷಿಸಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಅವನು ಕುಂಟುತ್ತ, ನಾಯಕ ಕಲ್ಲು ಕಡಿಸಿಟ್ಟಿದ್ದ ಗುಡ್ಡಕ್ಕೆ ಹೋಗಿ, ಒಂದೊಂದೇ ಕಲ್ಲನ್ನು ಬೆನ್ನ ಮೇಲೆ ಹೊತ್ತು ತಂದು ಇಳಿಸಿ, ಮತ್ತೆ ಹೋಗುತ್ತಿದ್ದ. ಮೊದಮೊದಲು ಅವನ ದಾರಿಯಲ್ಲಿ ಹೆಂಗಸರು ಪಕ್ಕಕ್ಕೆ ಸರಿಯುತ್ತಿದ್ದರು. ಒಂದು ಮಧ್ಯಾಹ್ನ ಬನವ್ವ ಅವನ ಮುಂದೆ ಒಂದು ತಂಬಿಗೆ ನೀರು ಇಟ್ಟು ಹೋದಳು. ಅವನು ಅದನ್ನು ಕುಡಿಯುವ ಮೊದಲು ಅತ್ತನಂತೆ. ಕೊನೆಯ ತೊಲೆಗಲ್ಲನ್ನು ಹೊತ್ತು ಇಳಿಯುವಾಗ ಅವನ ಎದೆ ಒಡೆಯಿತು. ಕಲ್ಲಿನ ಕೆಳಗಿನಿಂದ ಹೆಣವನ್ನು ಎಳೆದು ತೆಗೆದವರು ಬನವ್ವನೂ ಸಂಕವ್ವನೂ.

ಈಗ ಬರುವವರು ನೋಡುವುದು ಬಾಗಿಲಿಲ್ಲದ ಒಂದು ಚಾವಡಿ. ಚೌಕಟ್ಟಿಗೆಂದು ಕೊರೆದ ತೂತುಗಳು ಕೂಡ ಅದರ ಕಲ್ಲಿನಲ್ಲಿಲ್ಲ. ಜೋರು ಮಳೆಯಾದ ದಿನ ನೀರು ಮೊದಲ ಮೆಟ್ಟಿಲಿಗೆ ಬರುತ್ತದೆ. ಸಭೆಗೆ ಬರುವವರು ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಪಂಚೆ ಎತ್ತಿ ಕಟ್ಟಿ, ಎರಡೂ ದಿಬ್ಬಗಳಿಂದ ಇಳಿದು ಬರುತ್ತಾರೆ. ಮಾಡಿನಲ್ಲಿ ಒಂದು ತೊಲೆ ಇಂದಿಗೂ ಕಡಿಮೆ ಇದೆ. ಆ ಜಾಗದಲ್ಲಿ ಮರದ ದಿಮ್ಮಿ ಕೊಟ್ಟಿದ್ದಾರೆ. ಗುಡ್ಡದಿಂದ ಇಳಿಯುವ ಕಾಲುದಾರಿಯ ಅರ್ಧದಲ್ಲಿ ಉದ್ದನೆಯ ಕರಿಕಲ್ಲೊಂದು ಓರೆಯಾಗಿ ಬಿದ್ದಿದೆ. ಅದನ್ನು ಎತ್ತಿ ಪಕ್ಕಕ್ಕೆ ಇಡಲು ಯಾರೂ ಮನಸ್ಸು ಮಾಡಿಲ್ಲ. ದಾರಿಯೇ ಅದನ್ನು ಬಳಸಿಕೊಂಡು ಹೋಗುತ್ತದೆ.