ಕಾಗದ ಓದುವವನ ಹನ್ನೊಂದು ತಪ್ಪು

"ಮೇಷ್ಟ್ರೇ, ಯಂತ್ರ ಒಂದು ತಪ್ಪನ್ನೂ ಮಾಡದೆ ಇರುವ ಕಡೆ ಮನುಷ್ಯನಿಗೆ ಇನ್ನೇನು ಕೆಲಸ?"

ಕೇಳಿದವನು ತಿಪ್ಪೇಶ. ಮೇಷ್ಟ್ರು ಮೂವತ್ತು ವರ್ಷ ಕಂಪ್ಯೂಟರ್ ವಿಜ್ಞಾನ ಕಲಿಸಿ ನಿವೃತ್ತರಾದವರು. ತಿಪ್ಪೇಶ ಅವರ ಕೈಯಲ್ಲಿ ಕಲಿತವನು. ಊರಿನ ಆಸ್ಪತ್ರೆಯೊಂದಕ್ಕೆ ಅವನು ಒಂದು ಯಂತ್ರವನ್ನು ಸಿದ್ಧಮಾಡಿದ್ದ. ರೋಗಿಯ ರಿಪೋರ್ಟ್ ಬಂದ ಗಳಿಗೆಯಲ್ಲೇ ಅದು ಅವರ ಫೋನಿಗೆ ಕರೆ ಮಾಡಿ, ಅದರಲ್ಲಿ ಇರುವುದನ್ನು ಸ್ಪಷ್ಟ ಕನ್ನಡದಲ್ಲಿ ಓದಿ ಹೇಳುತ್ತಿತ್ತು. ಇಷ್ಟು ದಿನ ಕೌಂಟರಿನಲ್ಲಿ ಕುಳಿತು ರಿಪೋರ್ಟ್ ಕೊಡುತ್ತಿದ್ದವಳು ಹನುಮಕ್ಕ ಎಂಬಾಕೆ. ನಾಳೆಯಿಂದ ಆ ಕೌಂಟರಿಗೆ ಬೀಗ.

ಆಸ್ಪತ್ರೆಯವರಿಗೆ ಕೊಡಬೇಕಾದ ಒಂದು ಪಟ್ಟಿ ತಿಪ್ಪೇಶನ ಕೈಯಲ್ಲಿತ್ತು. ಅದು ಹನುಮಕ್ಕನ ತಪ್ಪುಗಳ ಪಟ್ಟಿ. ಒಂದು ವರ್ಷದಲ್ಲಿ ನಲವತ್ತೊಂದು ಸಲ, ರಿಪೋರ್ಟ್ ಬಂದು ಎದುರಿಗೇ ಇದ್ದರೂ ಆಕೆ 'ಇನ್ನೂ ಬಂದಿಲ್ಲ, ನಾಳೆ ಬನ್ನಿ' ಎಂದು ಜನರನ್ನು ವಾಪಸು ಕಳಿಸಿದ್ದಳು. ಪಟ್ಟಿಯಲ್ಲಿ ಹೆಸರುಗಳಿರಲಿಲ್ಲ. ಕ್ರಮಸಂಖ್ಯೆ ಮತ್ತು ತಾರೀಖು ಮಾತ್ರ ಇದ್ದವು. ಯಂತ್ರದ ತಪ್ಪಿನ ಜಾಗದಲ್ಲಿ ಸೊನ್ನೆ ಇತ್ತು.

ಹೆಂಡತಿ ಕಾಯಿಲೆಯಿಂದ ತೀರಿಕೊಂಡ ಈ ಎಂಟು ತಿಂಗಳಲ್ಲಿ ಮೇಷ್ಟ್ರ ಮಾತು ಕಡಿಮೆಯಾಗಿತ್ತು. ಪಟ್ಟಿಯನ್ನು ಅವರು ನೋಡಲಿಲ್ಲ. ಪಾಠ ಮಾಡುತ್ತಿದ್ದ ಕಾಲದ ರೂಢಿಯಂತೆ ಒಂದು ಕತೆ ಹೇಳತೊಡಗಿದರು.

ಒಂದು ಊರಿತ್ತು. ಅಲ್ಲಿಯ ಗಂಡಸರು ದೂರದ ಬಂದರಿಗೆ ದುಡಿಯಲು ಹೋಗುತ್ತಿದ್ದರು. ವರ್ಷಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಅವರ ಬದಲು ಕಾಗದ ಬರುತ್ತಿತ್ತು. ಊರಿನಲ್ಲಿ ಓದು ಬಲ್ಲವನು ಒಬ್ಬ ಮುದುಕ. ಕಾಗದ ಬಂದವರು ಅವನ ಜಗಲಿಗೆ ಬಂದು ಕೂರುತ್ತಿದ್ದರು.

ಮುದುಕ ಕಾಗದವನ್ನು ಮೊದಲು ತುಟಿ ಅಲುಗಿಸದೆ ಪೂರ್ತಿ ಓದಿಕೊಳ್ಳುತ್ತಿದ್ದ. ಆಮೇಲೆ ಎರಡು ಮಾತು ಕೇಳುತ್ತಿದ್ದ. "ಊಟ ಆಯ್ತಾ? ಮನೇಲಿ ಯಾರಿದ್ದಾರೆ?" ಆ ಮೇಲೆಯೇ ಗಟ್ಟಿಯಾಗಿ ಓದುತ್ತಿದ್ದ. ಒಮ್ಮೊಮ್ಮೆ ಕಣ್ಣು ಉಜ್ಜಿಕೊಂಡು, "ಇವತ್ತು ಅಕ್ಷರ ಕಾಣ್ತಾ ಇಲ್ಲಮ್ಮ, ನಾಳೆ ಬಾ, ಬರುವಾಗ ಅಣ್ಣನ್ನೂ ಕರ್ಕೊಂಡು ಬಾ" ಎನ್ನುತ್ತಿದ್ದ. ಅವನಿಗೆ ವಯಸ್ಸಾಯಿತು ಎಂದು ಜನ ಸುಮ್ಮನಾಗುತ್ತಿದ್ದರು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಸಾವಿನ ಸುದ್ದಿ ಹೊತ್ತು ಬಂದ ಕಾಗದವನ್ನು ಮನೆಯಲ್ಲಿ ಇಡಬಾರದು. ಓದಿದ ಕೂಡಲೇ ಹರಿದು ಹಾಕಬೇಕು.

ಅದೇ ಊರಿನ ಒಬ್ಬ ಬಡಗಿ ಹತ್ತು ವರ್ಷ ಬಂದರಿನಲ್ಲಿದ್ದು ವಿದ್ಯೆ ಕಲಿತು ಬಂದ. ಬಂದವನು ಕಾಗದ ಓದುವ ಪೆಟ್ಟಿಗೆಯೊಂದನ್ನು ಮಾಡಿದ. ಹೇಗೆ ಮಾಡಿದ ಎಂದು ಕೇಳಬೇಡ ತಿಪ್ಪೇಶ, ಕತೆಯಲ್ಲಿ ಮಾಡಿದ. ಕಾಗದವನ್ನು ಒಳಗಿಟ್ಟರೆ ಪೆಟ್ಟಿಗೆ ಇದ್ದದ್ದನ್ನು ಇದ್ದಂತೆಯೇ ಓದುತ್ತಿತ್ತು. ಬಡಗಿ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಆಮೇಲೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ತನ್ನ ಊರಿನ ಹೆಂಗಸರು ಇನ್ನೊಬ್ಬರ ಬಾಗಿಲಲ್ಲಿ ಕಾಯುವುದು ತಪ್ಪಲಿ ಎಂದೇ ಅವನು ಅದನ್ನು ಮಾಡಿದ್ದ.

ಊರಿನವರು ನಂಬಬೇಕಲ್ಲ. ಬಡಗಿ ಮನೆಮನೆಯಿಂದ ನೂರು ಹಳೆಯ ಕಾಗದಗಳನ್ನು ತಂದ. ಮುದುಕ ಅದನ್ನು ಯಾವಾಗ, ಏನೆಂದು ಓದಿದ್ದ ಎಂದು ಅವರವರನ್ನೇ ಕೇಳಿಕೊಂಡ. ಆಮೇಲೆ ಎಲ್ಲರೆದುರು ಪೆಟ್ಟಿಗೆಯಿಂದ ಓದಿಸಿದ. ಹನ್ನೊಂದು ಕಾಗದಗಳಲ್ಲಿ ಮುದುಕನ ತಪ್ಪು ಸಿಕ್ಕಿತು. ನಾಲ್ಕನ್ನು ಅವನು ಕಾಗದ ಬಂದ ದಿನ ಓದದೆ ಮುಂದೂಡಿದ್ದ. ಏಳರಲ್ಲಿ ಇಲ್ಲದ ಮಾತು ಸೇರಿಸಿದ್ದ.

ಒಬ್ಬ ತಾಯಿಗೆ ಮಗನಿಂದ ಬಂದ ಕಾಗದದಲ್ಲಿ "ಅವ್ವ, ನಿನ್ನ ಕೈ ರೊಟ್ಟಿ ನೆನಪಾಗುತ್ತದೆ" ಎಂದು ಮುದುಕ ಓದಿದ್ದ. ಅವಳು ಆರು ವರ್ಷ ಆ ಮಾತನ್ನು ಹೇಳಿಕೊಂಡು ತಿರುಗಿದ್ದಳು. ಪೆಟ್ಟಿಗೆ ಓದಿತು. ಕಾಗದದಲ್ಲಿ ಇದ್ದದ್ದು "ಚೆನ್ನಾಗಿದ್ದೇನೆ, ಯಾರೂ ಬರುವುದು ಬೇಡ" ಎಂದಷ್ಟೇ. ಅವಳು ಕಾಗದವನ್ನು ವಾಪಸು ಈಸಿಕೊಂಡು ಮನೆಗೆ ಹೋದಳು. ಅವಳು ಹೋದದ್ದನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ಮುದುಕನ ಮೇಲೆ ಕೂಗಾಡುತ್ತಿದ್ದರು. ಇಷ್ಟು ವರ್ಷ ನಮ್ಮ ಕಣ್ಣಿಗೆ ಮಣ್ಣೆರಚಿದನಲ್ಲ ಎಂದರು.

ಮುದುಕ ಬಡಗಿಯನ್ನು ಒಂದೇ ಮಾತು ಕೇಳಿದ. "ಆ ಹನ್ನೊಂದು ಯಾರ್ ಯಾರ ಮನೇದು ಅಂತ ನೋಡಿದ್ಯೇನಪ್ಪ?"

"ಯಾರದಾದರೆ ಏನಜ್ಜ, ತಪ್ಪು ತಪ್ಪೇ ಅಲ್ವಾ?" ಎಂದ ಬಡಗಿ.

ಮುದುಕ ಜಗಲಿಯ ಮೇಲಿನ ಚಾಪೆ ಸುತ್ತಿಟ್ಟ. ಮರುದಿನದಿಂದ ಅಲ್ಲಿಗೆ ಯಾರೂ ಬರಲಿಲ್ಲ.

ಪೆಟ್ಟಿಗೆ ಒಳ್ಳೆಯ ಕೆಲಸ ಮಾಡಿತು. ಅದನ್ನು ಮುಚ್ಚಿಡುವುದು ಬೇಡ. ಯಾರೂ ಯಾರಿಗೂ ಕಾಯಬೇಕಾಗಿರಲಿಲ್ಲ. ತಮ್ಮ ಗುಟ್ಟು ಮುದುಕನ ಕಿವಿಗೆ ಬೀಳುವುದಿಲ್ಲ ಎಂದು ಸೊಸೆಯಂದಿರು ಸಂತೋಷಪಟ್ಟರು. ಬಡಗಿಗೆ ಒಬ್ಬಳು ತಂಗಿ ಇದ್ದಳು. ಅಣ್ಣನ ಪೆಟ್ಟಿಗೆ ಎಂದು ಅವಳಿಗೆ ಎಲ್ಲರಿಗಿಂತ ಹೆಚ್ಚು ಹೆಮ್ಮೆ. ಅವಳ ಗಂಡ ಬಂದರಿನಲ್ಲಿದ್ದ. ಅವಳು ಏಳು ತಿಂಗಳ ಬಸುರಿ.

ಒಂದು ಮಧ್ಯಾಹ್ನ ಅವಳಿಗೆ ಕಾಗದ ಬಂತು. ಅಣ್ಣನ ಮನೆಯಲ್ಲಿ ಅವಳು ಒಬ್ಬಳೇ ಇದ್ದಳು. ಯಾರನ್ನೂ ಕರೆಯಬೇಕಾಗಿರಲಿಲ್ಲ, ಪೆಟ್ಟಿಗೆ ಇತ್ತಲ್ಲ. ಕಾಗದವನ್ನು ಅದರೊಳಗೆ ಇಟ್ಟಳು. ನಿನ್ನ ಗಂಡ ಜ್ವರ ಬಂದು ಇಂಥ ದಿನ ತೀರಿಕೊಂಡ, ಮಣ್ಣು ಮಾಡಿದ್ದೇವೆ, ಅವನ ಬಟ್ಟೆಬರೆ ಒಯ್ಯಲು ಯಾರನ್ನಾದರೂ ಕಳಿಸಿ ಎಂದು ಪೆಟ್ಟಿಗೆ ಓದಿತು. ಸಂತೆಯ ಸುದ್ದಿಯನ್ನು ಓದುವ ದನಿಯಲ್ಲೇ ಓದಿತು. ಹರಿದು ಹಾಕಬೇಕಾದ ಕಾಗದವನ್ನು ಅವಳು ಹರಿಯಲಿಲ್ಲ. ಪೆಟ್ಟಿಗೆ ತಪ್ಪು ಓದಿರಬೇಕು ಎಂದುಕೊಂಡು ಮತ್ತೆ ಇಟ್ಟಳು. ಮೂರು ಸಲ ಇಟ್ಟಳು. ಮೂರು ಸಲವೂ ಅದು ಒಂದಕ್ಷರ ತಪ್ಪದೆ ಓದಿತು.

ಬಡಗಿ ಬರುವ ಹೊತ್ತಿಗೆ ಅವಳಿಗೆ ನೋವು ಶುರುವಾಗಿತ್ತು. ಅವಳು ಬದುಕಿದಳು. ಮಗು ಬದುಕಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಬಡಗಿ ಮುದುಕನ ಜಗಲಿಗೆ ಹೋದ. ತಂಗಿ ಅವನೊಡನೆ ಮಾತು ಬಿಟ್ಟಿದ್ದಳು. ಅವನು ಮುದುಕನ ಕಾಲ ಬಳಿ ಕುಳಿತು, "ನೀನಾಗಿದ್ದರೆ ಏನು ಮಾಡ್ತಿದ್ದೆ ಅಜ್ಜ?" ಎಂದು ಕೇಳಿದ.

"ಗಂಡ ಚೆನ್ನಾಗಿದ್ದಾನೆ, ಈ ಸಲ ಬರೋದು ತಡ ಆಗುತ್ತಂತೆ ಅಂತ ಓದ್ತಿದ್ದೆ. ಹೆರಿಗೆ ಆಗಿ ತಿಂಗಳು ಕಳೆದ ಮೇಲೆ ನಿಮ್ಮನ್ನೆಲ್ಲ ಕೂರಿಸಿಕೊಂಡು ನಿಜ ಹೇಳ್ತಿದ್ದೆ. ಅವಳು ನನ್ನ ಮುಖಕ್ಕೆ ಉಗೀತಿದ್ದಳು. ಉಗಿಸಿಕೊಳ್ತಿದ್ದೆ."

ಬಡಗಿ ಕಣ್ಣೊರೆಸಿಕೊಂಡ. "ಅದನ್ನೂ ಪೆಟ್ಟಿಗೆಗೆ ಕಲಿಸ್ತೀನಿ ಅಜ್ಜ. ಯಾವುದನ್ನು ಓದಬೇಕು, ಯಾವುದನ್ನು ತಡೀಬೇಕು, ಯಾರಿಗೆ ಏನು ಅಂತ ಒಂದೊಂದಾಗಿ ಹೇಳು. ಎಲ್ಲಾ ಕಲಿಸ್ತೀನಿ."

"ಕಲಿಸಬಹುದು," ಎಂದ ಮುದುಕ. "ನೀನು ಬುದ್ಧಿವಂತ, ಕಲಿಸ್ತೀಯ. ಆದರೆ ಆ ಸಾವಿನ ಕಾಗದ ಮೂರು ತಿಂಗಳು ನನ್ನ ಮನೇಲಿ ಇರ್ತಿತ್ತು. ಅವಳು ದಿನಾ ಈ ದಾರೀಲಿ ನೀರಿಗೆ ಹೋಗ್ತಾ, ನನ್ನ ನೋಡಿ ನಗ್ತಿದ್ದಳು. ಅವಳು ನಕ್ಕ ದಿನ ನನಗೆ ಗಂಟಲಲ್ಲಿ ಅನ್ನ ಇಳೀತಿರಲಿಲ್ಲ. ಅದನ್ನ ಯಾವುದಕ್ಕೆ ಕಲಿಸ್ತೀಯಪ್ಪ?"

ಪೆಟ್ಟಿಗೆಯನ್ನು ಯಾರೂ ಒಡೆಯಲಿಲ್ಲ. ಒಮ್ಮೆ ಬಂದದ್ದನ್ನು ಊರು ವಾಪಸು ಕಳಿಸುವುದಿಲ್ಲ. ಮುದುಕ ಮುಂದಿನ ಬೇಸಿಗೆಯಲ್ಲಿ ಸತ್ತ. ಅವನ ವಿದ್ಯೆಯನ್ನು ಯಾರೂ ಕಲಿತಿರಲಿಲ್ಲ. ಕಾಗದ ಓದುವುದಷ್ಟೇ ಅವನ ವಿದ್ಯೆ ಎಂದು ಎಲ್ಲರೂ ತಿಳಿದಿದ್ದರು, ಅದಕ್ಕೆ ಪೆಟ್ಟಿಗೆ ಇದ್ದೇ ಇತ್ತು.

ಮೇಷ್ಟ್ರು ಕತೆ ನಿಲ್ಲಿಸಿದರು. ತಿಪ್ಪೇಶನಿಗೆ ಬೇಸರವಾಗಿತ್ತು, ಆದರೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ.

"ಕತೆ ಸರಿ ಮೇಷ್ಟ್ರೇ," ಎಂದ. "ಆದರೆ ಹನುಮಕ್ಕ ಆ ಅಜ್ಜನ ಥರದವಳು ಅಂತ ಹೇಗೆ ಹೇಳೋದು? ಆಕೆ ಸೋಮಾರಿತನಕ್ಕೂ ಹಾಗೆ ಹೇಳಿ ಕಳಿಸಿರಬಹುದಲ್ಲ? ಈ ನಲವತ್ತೊಂದು ತಪ್ಪು ಅಲ್ಲ ಅನ್ನೋದಕ್ಕೆ ನನ್ನ ಹತ್ತಿರ ಏನೂ ಆಧಾರ ಇಲ್ಲ. ನಾಳೆ ಬೆಳಿಗ್ಗೆ ನಾನು ಪಟ್ಟಿ ಕೊಡಲೇಬೇಕು."

ಮೇಷ್ಟ್ರು ಕೈ ಚಾಚಿ ಪಟ್ಟಿಯನ್ನು ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ತಾರೀಖುಗಳ ಮೇಲೆ ಬೆರಳಾಡಿಸುತ್ತಾ ಬಂದರು. ಬೆರಳು ಒಂದು ಕಡೆ ನಿಂತಿತು. ಅವರು ಪಟ್ಟಿಯನ್ನು ಶಿಷ್ಯನ ಕಡೆಗೆ ತಿರುಗಿಸಿದರು.

"ಈ ಹದಿನೇಳನೆಯ ರಿಪೋರ್ಟು ನನ್ನ ಹೆಂಡತಿಯದು ತಿಪ್ಪೇಶ, ಆವತ್ತು ಅವಳು ದಾರಿಯುದ್ದಕ್ಕೂ ನಗುತ್ತಾ ಮನೆಗೆ ಬಂದಳು."