ದ್ಯಾಮವ್ವ ಕೌದಿ ಬಿಚ್ಚಿ ಹಾಸಿದ್ದು

ಒಂದಾನೊಂದು ಕಾಲದಲ್ಲಿ, ಹಳೇ ಸೀರೆ ಒಂದೂ ದಂಡ ಆಗದಿದ್ದ ಕಾಲದಲ್ಲಿ, ಒಂದೇ ಮನೆಯಲ್ಲಿ ಇಬ್ಬರು ನೆಗೆಣ್ಣಿಯರು ಇದ್ದರಂತೆ. ಅಣ್ಣನ ಹೆಂಡತಿ ದ್ಯಾಮವ್ವ, ತಮ್ಮನ ಹೆಂಡತಿ ಸತ್ಯವ್ವ. ಇಬ್ಬರೂ ಹಳೇ ಸೀರೆ ಪದರಪದರ ಜೋಡಿಸಿ ಕೌದಿ ಹೊಲಿಯೋರು, ಈಗ ನೀನು ಹೊದ್ದಿದ್ದೀಯಲ್ಲ, ಅಂಥದ್ದೇ. ದ್ಯಾಮವ್ವನ ಗಂಡ ತೀರಿಹೋಗಿದ್ದನಂತೆ, ಎರಡು ಹೆಣ್ಣುಮಕ್ಕಳನ್ನ ಕಟ್ಟಿಕೊಂಡು ಸತ್ಯವ್ವ ಬಡಿಸಿದ್ದನ್ನ ಉಣ್ಣೋ ಬಾಳು. ತನ್ನದೇ ಒಂದು ಒಲೆ ಹೂಡಬೇಕು ಅನ್ನೋದೊಂದೇ ಅವಳ ಆಸೆ.

ಒಂದು ಸಲ ಗೌಡರ ಮನೆಗೆ ಕೌದಿ ಹೊಲಿಯೋಳು ಬೇಕಾದಳಂತೆ, ಇಬ್ಬರೂ ಹೋದರಂತೆ. ದ್ಯಾಮವ್ವ ಕೌದಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಮೂಲೆಗೆ ತಲೆ ತಗ್ಗಿಸಿ ನಿಂತಳಂತೆ. ಸತ್ಯವ್ವ ಪಡಸಾಲೆ ತುಂಬ ಹಾಸಿ, ನೋಡ್ರೀ ಗೌಡ್ತಿ, ಈ ಅಂಚು ನೋಡ್ರೀ, ಈ ಹೊಲಿಗೆ ನೋಡ್ರೀ ಅಂತ ಹೇಳಿದ್ದೇ ಹೇಳಿದ್ದು. ಕೆಲಸ ಅವಳಿಗೇ ಸಿಕ್ಕಿತಂತೆ. ಆಮೇಲೆ ಮಠದಲ್ಲೂ ಹಾಗೇ ಆಯಿತಂತೆ. ಆಮೇಲೆ ದ್ಯಾಮವ್ವನ ಹೊಟ್ಟೆ ಉರಿಯೋಕೆ ಶುರುವಾಯ್ತು ನೋಡು! ಸತ್ಯವ್ವ ನಕ್ಕರೆ ಉರಿ, ರೊಟ್ಟಿ ಬಡಿದರೆ ಉರಿ, ಇನ್ನೊಂದು ಹಾಕ್ಕೋ ಅಕ್ಕಾ ಅಂದರಂತೂ ಮೈಯೆಲ್ಲ ಉರಿ. ಬಾಯಿಬಡುಕಿ, ಬಾಯಲ್ಲೇ ಹೊಲೀತಾಳೆ ಅಂತ ಗೊಣಗೋಳಂತೆ.

ಆಮೇಲೆ ಅರಮನೆಯಿಂದ ಡಂಗುರ ಬಂತಂತೆ. ರಾಣಿ ಬಸುರಿ, ಹುಟ್ಟೋ ಕೂಸಿಗೆ ಕೌದಿ ಹೊಲಿಯೋಳು ಬೇಕು, ವರ್ಷಪೂರ್ತಿ ಜೋಳ, ಇರೋಕೊಂದು ಮನೆ, ನಾಳೆಯೇ ಕೌದಿ ತಂದು ತೋರಿಸಬೇಕು ಅಂತ. ಮಧ್ಯಾಹ್ನ ಸತ್ಯವ್ವ ನೀರಿಗೆ ಹೋದದ್ದು ನೋಡಿ ದ್ಯಾಮವ್ವ ಏನು ಮಾಡಿದಳು ಗೊತ್ತಾ, ಅವಳ ಕೌದಿ ಎಳೆದು ಹೊಲಿಗೆ ಬಿಚ್ಚೋಕೆ ಕೂತಳಂತೆ. ಕತ್ತರಿ ಮೊನೆ ತೂರಿಸೋಕೂ ಎಡೆ ಇಲ್ಲ, ಅಷ್ಟು ಬಿಗಿ. ಬಾಯಲ್ಲಿ ಹೊಲಿದದ್ದಲ್ಲ, ಕೈಯಲ್ಲೇ ಹೊಲಿದದ್ದು. ಅದು ಕಂಡು ಅವಳಿಗೆ ಇನ್ನೂ ಉರೀತಂತೆ.

ಅಷ್ಟರಲ್ಲಿ ಕೊಡ ಹೊತ್ತು ಸತ್ಯವ್ವ ಬಂದುಬಿಟ್ಟಳಂತೆ. ಏನಕ್ಕಾ, ನನ್ನ ಕೌದಿಗೆ ಕ್ಷೌರ ಮಾಡ್ತಿದ್ದೀಯಾ ಅಂದಳಂತೆ. ದ್ಯಾಮವ್ವ ಕತ್ತರಿ ಒಗೆದು, ಹೌದೇ, ನೀನು ಮಾತಾಡಿ ಮಾತಾಡಿ ನನ್ನ ಅನ್ನ ಕಿತ್ತುಕೊಂಡೆ ಅಂತ ಅತ್ತಳಂತೆ. ನಾನು ಕಿತ್ತುಕೊಂಡೆನಾ? ನಿನ್ನ ಬಾಯಿ ನಾನು ಹೊಲಿದಿದ್ದೆನಾ? ಮಡಚಿಟ್ಟ ಕೌದಿ ಒಳಗೆ ತೂರಿ ಯಾವ ಗೌಡ್ತಿ ನೋಡ್ತಾಳೆ? ನಾಳೆನೂ ನಾನು ಬಿಟ್ಟುಕೊಡಲ್ಲ, ಬೇಕಿದ್ದರೆ ನೀನೂ ಬಾಯಿ ಬಿಡು ಅಂದಳಂತೆ ಸತ್ಯವ್ವ.

ಕೇಳು ಮಗಾ. ಕೆಲಸ ಚೆನ್ನಾಗಿದ್ದರೆ ಸಾಕು, ನೀನು ಸುಮ್ಮನಿರು ಅಂತ ನಮಗೆ ಕಲಿಸಿದವರು ಯಾರು? ಕೂಲಿ ಕೊಡೋರೇ ಕಲಿಸಿದ್ದು. ಸುಮ್ಮನಿದ್ದವಳಿಗೆ ಕಡಿಮೆ ಕೊಟ್ಟರೂ ನಡೆಯುತ್ತಲ್ಲ!

ಮಾರನೇ ದಿನ ಅರಮನೆಯಲ್ಲಿ ಸತ್ಯವ್ವ ಹಾಸಿದ ಕೌದಿಯ ಬಣ್ಣ ನೋಡಿ ಎಲ್ಲರೂ ಅಬ್ಬಬ್ಬಾ ಅಂದರಂತೆ. ಆಮೇಲೆ ದಾಸಿಯೊಬ್ಬಳು ದ್ಯಾಮವ್ವನಿಗೆ, ನೀನೂ ಅಲ್ಲಿಟ್ಟು ಹೋಗು ಅಂದಳಂತೆ. ದ್ಯಾಮವ್ವ ಇಟ್ಟು ಹೋಗಲಿಲ್ಲ. ಕೌದಿ ಬಿಚ್ಚಿ, ಅಡಿಮೇಲು ಮಾಡಿ, ರಾಣಿಯ ತೊಡೆ ಮೇಲೇ ಹಾಸಿದಳಂತೆ. ತಾಯೀ, ಕೂಸಿನ ಬೆನ್ನಿಗೆ ಬಣ್ಣ ಕಾಣಲ್ಲ. ಕೈಯಾಡಿಸಿ, ಗಂಟು ಎಲ್ಲಿದೆ ಹುಡುಕಿ. ಗಂಟೆಲ್ಲ ಪದರದ ಒಳಗೆ ಮುಚ್ಚೋಳು ನಾನು, ಎಳೇ ಚರ್ಮಕ್ಕೆ ಚುಚ್ಚಬಾರದು ಅಂತ. ನನ್ನ ಎರಡು ಮಕ್ಕಳೂ ಇದರ ಮೇಲೇ ಉಚ್ಚೆ ಹೊಯ್ದು ಬೆಳೆದವು, ಕಲ್ಲಿಗೆ ಬಡಿದು ಬಡಿದು ಒಗೆದಿದ್ದೀನಿ. ಎಳೀರಿ, ಹೊಲಿಗೆ ಬಿಡ್ತಾ ನೋಡ್ರಿ ಅಂದಳಂತೆ.

ರಾಣಿ ಎಳೆದಳಂತೆ, ದಾಸಿ ಎಳೆದಳಂತೆ, ಕಾವಲಿನವನೂ ಎಳೆದನಂತೆ. ಬಿಡಲಿಲ್ಲ. ರಾಣಿ ಹೊಟ್ಟೆ ಮೇಲೆ ಆ ಕೌದಿ ಎಳಕೊಂಡು, ಇವಳೇ ಇರಲಿ ಅಂದಳಂತೆ.

ಆಮೇಲೆ ಸತ್ಯವ್ವ? ದಾರಿಯುದ್ದಕ್ಕೂ ಮುಖ ಗಂಟಿಕ್ಕಿಕೊಂಡೇ ಬಂದಳಂತೆ. ನಾನೇ ಕಲಿಸಿ ನಾನೇ ಕೆಟ್ಟೆ ಅಂತ ಪಾತ್ರೆ ಕುಕ್ಕಿದಳಂತೆ. ಹೊಟ್ಟೆಕಿಚ್ಚು ಅಕ್ಕನ ಹೊಟ್ಟೆಯಿಂದ ತಂಗಿ ಹೊಟ್ಟೆಗೆ ಹಾರಿತ್ತು! ಆದರೆ ದ್ಯಾಮವ್ವ ಹೊಸ ಮನೆಯಲ್ಲಿ ಒಲೆ ಹೂಡಿ, ಮೊದಲ ರೊಟ್ಟಿ ಬಡಿದು, ಸತ್ಯವ್ವನನ್ನ ಕೂರಿಸಿ ಬಡಿಸಿದಳಂತೆ. ಇನ್ನೊಂದು ಹಾಕ್ಕೋ ತಂಗೀ ಅಂದಳಂತೆ. ಸತ್ಯವ್ವನ ಮೈಯೆಲ್ಲ ಉರೀತಂತೆ, ಆದರೂ ಹಾಕಿಸಿಕೊಂಡಳಂತೆ.

ಅಲ್ಲಿ ಅವರು ಉಂಡರು, ಇಲ್ಲಿ ನಮ್ಮ ಕತೆ ಮುಗೀತು. ಕೌದಿ ಎಳಕೋ, ಮಲಗು.