ಕೊರಳಿಗೆ ಕಟ್ಟಿದ ಗಿಲಕಿ

"ಕಾಕಾ, ಹಳ್ಳದ ಶಾಲೆಗೆ ಯಾವ ಕಡೆ ಹೋಗಬೇಕು?"

ಕೇಳಿದವಳು ಜಿಂಕೆಯಂಥ ಕೊಂಡಕುರಿ ದಾಕ್ಷಾಯಣಿ. ಕೇಳಿಸಿಕೊಂಡವನು ಬಂಡೆಗೆ ಹೊಟ್ಟೆ ಹಚ್ಚಿ ಮಲಗಿದ್ದ ಮುದಿ ಉಡ.

ಮಕ್ಕಳೇ, ಅದು ನೀವು ಚಿತ್ರಗಳಲ್ಲಿ ನೋಡುವಂಥ ಹಸಿರು ಕಾಡಲ್ಲ. ಬಂಡೆಯ ಮೇಲೆ ಬಂಡೆ, ನಡುನಡುವೆ ಜಾಲಿ, ಕಾರೆ ಮುಳ್ಳು. ಎತ್ತ ತಿರುಗಿದರೂ ಈಗಷ್ಟೇ ದಾಟಿ ಬಂದ ಜಾಗವೇ ಮತ್ತೆ ಎದುರು ನಿಂತ ಹಾಗೆ. ಹೊತ್ತು ಇಳಿಯುತ್ತಿತ್ತು. ಬಂಡೆಗಳ ನೆರಳುಗಳು ಉದ್ದವಾಗಿ ಒಂದನ್ನೊಂದು ಮುಟ್ಟುತ್ತಿದ್ದವು. ಆ ನೆರಳಿನಲ್ಲಿ ಯಾರು ಕಾದು ಕೂತಿರುತ್ತಾರೆಂದು ಆ ಕಾಡಿನ ಮೊಟ್ಟೆಯೊಳಗಿನ ಮರಿಗೂ ಗೊತ್ತು. ಚಿರತೆ.

ಉಡ ಒಂದೇ ಒಂದು ಕಣ್ಣು ತೆರೆದ. "ನೀನು ಆ ಶಾಲೆಯ ಅಕ್ಕೋರಲ್ಲವೇ? ಅಕ್ಕೋರೇ ದಾರಿ ತಪ್ಪಿದರೆ ಮಕ್ಕಳ ಗತಿ ಏನಮ್ಮ?"

ದಾಕ್ಷಾಯಣಿಯ ಬೆನ್ನ ಹಿಂದೆ ಮೂರು ಮರಿಗಳು ಒತ್ತಿಕೊಂಡು ನಿಂತಿದ್ದವು: ಮೊಲದ ಮರಿ ಸುಬ್ಬಿ, ಮುಂಗುಸಿ ಮರಿ ಕೆಂಚ, ಗೌಜಲ ಹಕ್ಕಿಯ ಮರಿ ಗುಜ್ಜಿ. ಮೂವರ ಕೊರಳಲ್ಲೂ ನಾರಿನಲ್ಲಿ ಪೋಣಿಸಿದ ಒಣಕಾಯಿಯ ಗಿಲಕಿ. ಸುಬ್ಬಿ ಕಿವಿ ಕೆರೆದುಕೊಂಡರೆ ಗಿಲಗಿಲ. ಗುಜ್ಜಿ ಉಗುಳು ನುಂಗಿದರೂ ಗಿಲಗಿಲ.

"ನಾನು ಹಳ್ಳದ ಸದ್ದು ಹಿಡಿದು ನಡೆಯೋಳು ಕಾಕಾ. ಇವತ್ತು ಆ ಸದ್ದೇ ಕೇಳಿಸಲಿಲ್ಲ."

"ಹೇಗೆ ಕೇಳಿಸ್ತದೆ? ಒಂದು ಸಂತೆಯನ್ನೇ ಹಿಂದೆ ಕಟ್ಟಿಕೊಂಡು ಬಂದಿದ್ದೀಯಲ್ಲ!"

ಆ ಗಿಲಕಿಗಳ ಕತೆ ಇಷ್ಟು. ಆ ಕಾಡಿನಲ್ಲಿ ಕೂಡುಕಣಜ ಅಂತ ಒಂದು ಗವಿ ಇತ್ತು. ಎಲ್ಲ ಪ್ರಾಣಿಗಳೂ ತಮಗೆ ಸಿಕ್ಕ ಗೆಡ್ಡೆ, ಹಣ್ಣು, ಕಾಳಿನಲ್ಲಿ ಒಂದಿಷ್ಟು ತಂದು ಅಲ್ಲಿ ಹಾಕುತ್ತಿದ್ದವು. ಕಷ್ಟಕಾಲ ಕಳೆದ ಮೇಲೆ ಉಳಿದದ್ದನ್ನು ಹಿರಿಯರು ಹಳ್ಳದ ಶಾಲೆಗೆ ಕೊಡುತ್ತಿದ್ದರು. ಮೇಯುವುದು, ಅಡಗುವುದು ಎಲ್ಲ ಶಾಲೆಯ ಪಾಠ. ಅದರ ಮೇಲೊಂದು ಹೊಸ ವಿದ್ಯೆ ಮಕ್ಕಳಿಗೆ ಬರಲಿ ಅಂತ. ದಾಕ್ಷಾಯಣಿ ಈ ಸಲ ಕೇಳಿದ್ದು ಸದ್ದಿಲ್ಲದೆ ನಡೆಯುವ ವಿದ್ಯೆಗೆ. ದೂರದ ಕೆರೆಯಂಗಳದ ಮೆತ್ತನೆ ಮಣ್ಣಿನಲ್ಲೇ ಅದನ್ನು ಕಲಿಸಬೇಕು. ಅಲ್ಲಿಗೆ ಹೋಗಿ ಉಳಿದು ಬರುವವರೆಗೆ ಮಕ್ಕಳ ಹೊಟ್ಟೆಗೂ ಬೇಕಲ್ಲ!

ಹಿರಿಯರು ಧಾರಾಳವಾಗಿಯೇ ಕೊಟ್ಟರು. ಕೊಟ್ಟ ಮೇಲೆ ನವಿಲು ರಾಯಪ್ಪ ಗರಿ ಕೊಡವಿ ಎದ್ದು ನಿಂತ. "ಕೊಟ್ಟದ್ದು ನಾಲ್ಕು ಜನಕ್ಕೆ ತಿಳೀಬೇಡವೇ ಅಕ್ಕೋರೆ? ನಮ್ಮ ಗುರುತಿಗೆ ಒಂದೊಂದು ಗಿಲಕಿ ಮಕ್ಕಳ ಕೊರಳಿಗಿರಲಿ. ಹೋದಲ್ಲೆಲ್ಲ ಕೂಡುಕಣಜದ ಹೆಸರು ಮೊಳಗಲಿ."

ಸದ್ದಿಲ್ಲದ ನಡಿಗೆ ಕಲಿಯುವ ಮಕ್ಕಳಿಗೆ ಗಿಲಕಿ! ದಾಕ್ಷಾಯಣಿಯ ನಾಲಗೆಯ ತುದಿಯವರೆಗೂ 'ಬೇಡ' ಬಂದಿತ್ತು. ಬೇಡವೆಂದರೆ ರಾಯಪ್ಪನವರು ಮುನಿಸಿಕೊಂಡಾರು, ಮುಂದಿನ ಸಲ ಶಾಲೆಗೆ ಏನೂ ಸಿಗದೆ ಹೋದೀತು ಎಂದು ಹೆದರಿದಳು. 'ಬೇಡ'ವನ್ನು ನುಂಗಿ, "ಹಾಗೇ ಆಗಲಿ ಯಜಮಾನರೆ," ಅಂದಳು. ನಕ್ಕಳು ಕೂಡ.

ಈಗ, ಕೆರೆಯಂಗಳದಿಂದ ಮರಳುವ ದಾರಿಯಲ್ಲಿ, ಉಡ ಅವಳನ್ನೇ ನೋಡುತ್ತಿದ್ದ. ಗುಜ್ಜಿ ಅವನನ್ನು ಕಂಡು ಅಕ್ಕೋರ ಕಾಲಸಂದಿಗೆ ನುಗ್ಗಿದಳು.

"ನನಗ್ಯಾಕೆ ಹೆದರ್ತೀಯೆ? ನಾನು ಮೊಟ್ಟೆ ಗಿರಾಕಿ. ನೀನು ಒಡೆದು ಹೊರಗೆ ಬಂದಾಯಿತು, ಹೋಗು," ಅಂದ ಉಡ. ಆಮೇಲೆ ದಾಕ್ಷಾಯಣಿಗೆ, "ದಾರಿ ಹೇಳ್ತೀನಿ. ಪುಕ್ಕಟೆ ಅಲ್ಲ. ಆ ಗಿಲಕಿಗಳನ್ನು ಇಲ್ಲೇ ಬಿಚ್ಚಿ ನನಗೆ ಕೊಡು."

"ಅಯ್ಯೋ, ಅವು ಹಿರಿಯರ ಗುರುತು ಕಾಕಾ! ಬರಿಗೊರಳಲ್ಲಿ ಹೋದರೆ ಏನಂದಾರು? ಮುಂದಿನ ವರ್ಷ..."

"ಮುಂದಿನ ವರ್ಷ ಇರಲಿ. ಮುಂದಿನ ತಿರುವು ದಾಟೋ ಮಾತಾಡು."

"ಅವರಿಗೊಮ್ಮೆ ತೋರಿಸಿ, ಆಮೇಲೆ ನಾನೇ ತಂದುಕೊಡ್ತೀನಿ. ನನ್ನ ಮಾತು ನಂಬು."

"ಸಾಲ ಹೇಳ್ತೀಯಾ? ಆಗಲಿ. ಬದುಕಿದ್ದರೆ ತೀರಿಸು. ಇಲ್ಲದಿದ್ದರೆ ನಾನೇನೂ ನಿನ್ನ ಮನೆ ಬಾಗಿಲಿಗೆ ಬರೋದಿಲ್ಲ." ಉಡ ಬಾಲ ಚಾಚಿ ತೋರಿಸಿದ. "ಅಲ್ಲಿ ಆನೆ ಬೆನ್ನಿನಂಥ ಬಂಡೆ ಇದೆಯಲ್ಲ, ಅದರ ಪಕ್ಕ ಒಂದು ಇಕ್ಕಟ್ಟು ಸಂದು. ನೆಟ್ಟಗೆ ಹೋದರೆ ಹಳ್ಳ."

ಅಷ್ಟು ಹೇಳಿ ಅವನು ಬಿರುಕಿನೊಳಗೆ ಸರಿದುಬಿಟ್ಟ. ತನ್ನ ಮನೆಗೇ ಆದರೂ ಅವನು ಹೋದ ಅವಸರ ದಾಕ್ಷಾಯಣಿಗೆ ಹಿಡಿಸಲಿಲ್ಲ.

ಸಂದಿನೊಳಗೆ ತಣ್ಣಗಿತ್ತು. ಅದುವರೆಗೆ ಚಿಲಿಪಿಲಿ ಅನ್ನುತ್ತಿದ್ದ ಹಕ್ಕಿಗಳು ಒಮ್ಮೆಲೆ ಸುಮ್ಮನಾಗಿದ್ದವು. ಗಿಲಕಿಯ ಸದ್ದು ಎರಡೂ ಗೋಡೆಗಳಿಗೆ ಬಡಿದು ದುಪ್ಪಟ್ಟಾಗಿ ಮರಳುತ್ತಿತ್ತು. ದಾಕ್ಷಾಯಣಿ ನಿಂತಳು. ಮರಿಗಳು ನಿಂತವು. ಗಿಲಕಿ ನಿಂತಿತು.

ಹಿಂದೆ ಎಲ್ಲೋ ಒಂದು ಸಣ್ಣ ಕಲ್ಲು ಉರುಳಿತು. ಆಮೇಲೆ ಅದೂ ನಿಂತಿತು.

ಮತ್ತೆ ನಡೆದರು. ಗಿಲಗಿಲ. ಹಿಂದಿನ ಕಲ್ಲೂ ಕದಲಿತು, ಈಗ ಇನ್ನೂ ಹತ್ತಿರ.

"ಅಕ್ಕೋರೆ," ಸುಬ್ಬಿ ಪಿಸುಗುಟ್ಟಿದಳು, "ಬೆಕ್ಕಿನ ವಾಸನೆ."

"ಸುಮ್ಮನಿರು."

"ಅಕ್ಕೋರೆ, ದೊಡ್ಡ ಬೆಕ್ಕಿಂದು."

ದಾಕ್ಷಾಯಣಿಗೆ ಈಗ ತಿಳಿಯಿತು ಉಡ ಆ ಗಿಲಕಿಗಳನ್ನು ಯಾಕೆ ಕೇಳಿದನೆಂದು. ತಾನು ನುಂಗಿಕೊಂಡ ಒಂದು ಮಾತು ಈ ಮೂರು ಕೊರಳಲ್ಲಿ ತೂಗುತ್ತಾ, 'ನಾವು ಇಲ್ಲಿದ್ದೇವೆ, ಇಲ್ಲಿದ್ದೇವೆ' ಎಂದು ಚಿರತೆಯನ್ನು ಕರೆದು ತಂದಿತ್ತು.

ಅವಳು ಬಗ್ಗಿ, ಮೂರೂ ನಾರುಗಳನ್ನು ಹಲ್ಲಿನಿಂದ ಕಡಿದಳು. ಗಿಲಕಿಗಳನ್ನು ತನ್ನ ಕೊರಳಿಗೇ ಸುತ್ತಿಕೊಂಡಳು.

"ಕೆರೆಯಂಗಳದಲ್ಲಿ ಕಲಿತದ್ದು ನೆನಪಿದೆಯಾ? ತರಗೆಲೆ ಬಿಟ್ಟು ಮಣ್ಣು, ಮಣ್ಣು ಬಿಟ್ಟು..."

"ಅಲ್ಲಿ ಒಂದು ದಿನವೂ ಸರಿಯಾಗಿ ಬರಲೇ ಇಲ್ಲವಲ್ಲ ಅಕ್ಕೋರೆ," ಅಂದ ಕೆಂಚ. "ಹೆಜ್ಜೆ ಇಟ್ಟರೆ ಸಾಕು ಗಿಲಕಿ..."

"ಈಗ ಗಿಲಕಿ ಇಲ್ಲ. ಈಗ ಬರ್ತದೆ. ನಡೀರಿ. ನನ್ನ ಕಡೆ ತಿರುಗಿ ನೋಡಬೇಡಿ."

ಮರಿಗಳು ಸಂದಿನ ಕತ್ತಲಲ್ಲಿ ಮುಂದೆ ಸರಿದವು. ದಾಕ್ಷಾಯಣಿ ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ. ಅವಳು ಪಕ್ಕದ ಇಳಿಜಾರು ಹತ್ತಿ, ಕೊರಳು ಕೊಡವಿ, ಇದ್ದಬದ್ದ ಶಕ್ತಿಯಿಂದ ಓಡಿದಳು.

ಗಿಲಗಿಲ, ಗಿಲಗಿಲ, ಗಿಲಗಿಲ.

ಚಿರತೆ ಬಂಡೆಯಿಂದ ಬಂಡೆಗೆ ಹಾರುತ್ತಾ ಅವಳ ಹಿಂದೆಯೇ ಬಂತು. ಗದ್ದಲವಿಲ್ಲ, ಗರ್ಜನೆಯಿಲ್ಲ, ಸದ್ದಿಲ್ಲದ ನಡಿಗೆಯನ್ನು ಅದಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ದಾಕ್ಷಾಯಣಿಗೆ ಕೇಳಿಸುತ್ತಿದ್ದದ್ದು ತನ್ನ ಉಸಿರು ಮತ್ತು ರಾಯಪ್ಪನವರ ಗಿಲಕಿ, ಎರಡೇ. ಎದುರಿಗೆ ಕಾರೆ ಮುಳ್ಳಿನ ದೊಡ್ಡ ಮೆಳೆ. ಗಾಳಿಗೆ ಅದರ ಕೊಂಬೆಗಳು ತೂಗುತ್ತಿದ್ದವು. ಅವಳು ತಲೆ ತಗ್ಗಿಸಿ ನಾರನ್ನು ಒಂದು ಕೊಂಬೆಗೆ ಸಿಕ್ಕಿಸಿ ಕಳಚಿಕೊಂಡಳು, ಪಕ್ಕದ ಬಿರುಕಿಗೆ ಸರಿದು ಉಸಿರು ಬಿಗಿಹಿಡಿದಳು.

ಚಿರತೆ ಬಂತು. ಅದರ ಬಾಲದ ತುದಿ ಅವಳ ಮೂಗಿಗೆ ತಾಗಿ ಹೋಯಿತು. ಅವಳು ಕಣ್ಣು ಮಿಟುಕಿಸಲಿಲ್ಲ.

ಕೊಂಬೆ ತೂಗಿತು. ಗಿಲಗಿಲ. ಚಿರತೆ ಮೈಯನ್ನೆಲ್ಲ ಮುದುರಿ ಮೆಳೆಯ ನಡುವಿಗೇ ನೆಗೆಯಿತು!

ಕಾರೆ ಮುಳ್ಳೆಂದರೆ ಏನೆಂದು ತುಳಿದವರಿಗೇ ಗೊತ್ತು. ಅಂಗಾಲಿಗೆ, ಮೂಗಿಗೆ, ತುಟಿಗೆ ಹೊಕ್ಕ ಮುಳ್ಳುಗಳನ್ನು ಹೊತ್ತುಕೊಂಡು ಚಿರತೆ ಊಳಿಡುತ್ತಾ, ಕುಂಟುತ್ತಾ ಗುಡ್ಡದ ಆಚೆಗೆ ಓಡಿತು. ಗಿಲಕಿ ಅದರ ಕಾಲಡಿ ಪುಡಿಪುಡಿ.

ದಾಕ್ಷಾಯಣಿ ಹಳ್ಳದ ಸದ್ದು ಹಿಡಿದು ಶಾಲೆಯ ಬೇವಿನ ಮರಕ್ಕೆ ಬಂದಳು. ಮರದ ಕೆಳಗೆ ಯಾರೂ ಇರಲಿಲ್ಲ.

"ಸುಬ್ಬಿ?" ಎಂದಳು. "ಕೆಂಚಾ? ಗುಜ್ಜಿ?"

ಹಳ್ಳದ ನೀರು ಹರಿಯುತ್ತಲೇ ಇತ್ತು. ಚಿರತೆ ಎದುರಿಗಿದ್ದಾಗಲೂ ಅವಳು ಇಷ್ಟು ಹೆದರಿರಲಿಲ್ಲ.

"ಅಕ್ಕೋರೆ," ಬೆನ್ನ ಹಿಂದೆಯೇ ಪುಟ್ಟ ದನಿ, "ನಾವು ಆವಾಗಿನಿಂದ ನಿಮ್ಮ ಹಿಂದೆಯೇ ನಿಂತಿದೀವಿ. ನಿಮಗೆ ಕೇಳಿಸಲಿಲ್ಲವಾ?"

ಅವಳು ಮೂವರನ್ನೂ ಮೂಗಿನಿಂದ ತಳ್ಳಿ ತಳ್ಳಿ ನೋಡಿದಳು. ಬೈಯಬೇಕೆಂದುಕೊಂಡಳು. ಅಳು ಬಂತು.

ಮರುದಿನ ಬೆಳಿಗ್ಗೆ ಹಿರಿಯರು ಬಂದರು. ಮುಂದೆ ರಾಯಪ್ಪ, ಹಿಂದೆ ಕೂಡುಕಣಜದ ಯಜಮಾನ ಕರಡಿ ಸಿದ್ಧಜ್ಜ. ರಾಯಪ್ಪನ ಕೊಕ್ಕಿನಲ್ಲಿ ಹೊಸ ಗಿಲಕಿಗಳ ಗೊಂಚಲು.

"ಇದು ಇನ್ನುಳಿದ ಮಕ್ಕಳಿಗೆ," ಗೊಂಚಲನ್ನು ಕೆಳಗಿಟ್ಟು ಅವನು ಸುತ್ತ ನೋಡಿದ. "ಕಲಿತ ಮಕ್ಕಳೆಲ್ಲಿ? ನಮ್ಮ ಗಿಲಕಿಯ ಸದ್ದೇ ಇಲ್ಲವಲ್ಲ!"

"ಗಿಲಕಿ ಚಿರತೆಯ ಪಾಲಾಯಿತು ಯಜಮಾನರೆ. ಮಕ್ಕಳು ಸ್ವಲ್ಪದರಲ್ಲಿ ತಪ್ಪಿಸಿಕೊಂಡರು. ನೀವು ಕೇಳಿದಾಗಲೇ ನಾನು ಬೇಡ ಅನ್ನಬೇಕಿತ್ತು. ಈಗ ಅಂತೀನಿ, ಬೇಡ. ಮಕ್ಕಳ ಕೊರಳಿಗೆ ಇನ್ನು ಯಾರ ಗುರುತೂ ಬೇಡ."

ರಾಯಪ್ಪನ ಶಿಖೆ ನಿಗುರಿತು. "ಹಾಗಾದರೆ ನಾವು ಕೊಟ್ಟದ್ದಕ್ಕೆ ಗುರುತು ಏನು? ಇವರು ಕಲಿತರು ಅನ್ನೋದಕ್ಕೆ ಸಾಕ್ಷಿ ಎಲ್ಲಿದೆ?"

"ಒಮ್ಮೆ ಹಿಂದೆ ತಿರುಗಿ ನೋಡಿ."

ರಾಯಪ್ಪ ತಿರುಗಿದ. ಅವನ ಬಾಲದ ಗರಿಗಳ ನಡುವೆ, ಒಂದು ಎಳೆಯನ್ನೂ ಅಲುಗಿಸದೆ, ಸುಬ್ಬಿ, ಕೆಂಚ, ಗುಜ್ಜಿ ಸಾಲಾಗಿ ನಿಂತಿದ್ದರು. ಅವನು ಬೆಚ್ಚಿ ಬೇವಿನ ಕೊಂಬೆಗೆ ಹಾರಿದ.

ಸಿದ್ಧಜ್ಜ ಹೊಟ್ಟೆ ಕುಲುಕಿಸಿ ನಕ್ಕ. "ಇಳಿಯೋ ರಾಯಪ್ಪ, ಇಳಿ. ಸಾಕ್ಷಿ ಸಿಕ್ಕಿತಲ್ಲ! ಅಕ್ಕೋರೆ, ಮುಂದಿನ ಸಲ ಎಲ್ಲ ಮಕ್ಕಳನ್ನೂ ಕರಕೊಂಡು ಹೋಗಿ. ಬರಿಗೊರಳಲ್ಲೇ."

"ಆಗಲಿ ಅಜ್ಜಾ. ಆದರೆ ಈ ಗೊಂಚಲು ನನಗೆ ಬೇಕು. ಒಬ್ಬರಿಗೆ ಕೊಡೋದಿದೆ."

ಅವಳು ಆ ಕಾಯಿಗಳನ್ನು ಹಳ್ಳದ ಜೇಡಿಮಣ್ಣಿನಲ್ಲಿ ಮೆತ್ತಿ, ಹೆಜ್ಜೆ ಹಾಕಿದರೂ ಸದ್ದಾಗದಂತೆ ಮಾಡಿ, ಸಂದಿನ ಗುಂಟ ಹೊರಟಳು. ಉಡ ಅದೇ ಬಂಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿದ್ದ. ಅವಳು ಬಂದು ಎದುರು ನಿಲ್ಲುವವರೆಗೂ ಅವನಿಗೆ ಗೊತ್ತಾಗಲಿಲ್ಲ.

"ನಿನ್ನ ಸಾಲ, ಕಾಕಾ."

ಉಡ ಗೊಂಚಲನ್ನು ನೋಡಿದ, ಅವಳ ಬೆನ್ನ ಹಿಂದೆ ನೋಡಿದ. "ಮಕ್ಕಳು?"

"ಮೂವರೂ ಶಾಲೆಯಲ್ಲಿದ್ದಾರೆ."

ಅವನು ಗೊಂಚಲನ್ನು ಬಾಲದಿಂದ ತಳ್ಳಿ ಆಳದ ಬಿರುಕಿಗೆ ಉರುಳಿಸಿದ. ಅದು ಬಹಳ ಹೊತ್ತು ಕೆಳಗೆ ಬೀಳುತ್ತಲೇ ಇತ್ತು, ತುಟಿಪಿಟಕ್ಕೆನ್ನದೆ.

"ತೀರಿತು," ಅಂದ ಉಡ, ಮತ್ತೆ ಕಣ್ಣು ಮುಚ್ಚಿದ.

ನೀತಿ: ಮಕ್ಕಳ ಕಲಿಕೆಗೆ ಕೊಡುವವರು ತಮ್ಮ ಹೆಸರಿನ ಸದ್ದನ್ನು ಮಕ್ಕಳ ಕೊರಳಿಗೆ ಕಟ್ಟಬಾರದು, ಕಟ್ಟಲು ಬಂದರೆ, ಕಲಿಸುವವರು ಬೇಡವೆನ್ನಲು ಹೆದರಬಾರದು.